ಎಲ್ಲರೂ ಇಳಿದ ಮೇಲೆ ಕೊಟ್ರ

ದಾವಣಗೆರೆಯಿಂದ ಕೊಟ್ಟೂರಿಗೆ ಹೋಗೋ ದಾರಿಯಲ್ಲಿ, ಹರಪನಹಳ್ಳಿಗಿಂತ ಮುಂಚೆ, ಮಾಗಳಿಕಟ್ಟೆ ಅಂತ ಒಂದೂರು. ಅಲ್ಲಿ ಬಸ್ ನಿಲ್ಲೋ ಜಾಗದಲ್ಲಿ ಹಾಲವ್ವ ಮಿರ್ಚಿ ಮಂಡಕ್ಕಿ ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಕೊಟ್ರ. ಮೀಸೆ ದಪ್ಪ, ತೋಳು ದಪ್ಪ, ಮನಸ್ಸು ಮಾತ್ರ ಹಸುಗೂಸಿನದು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ‘ಬಾಗಿಲು ನೋಡ್ಕೊಂಡಿರು’ ಅಂದರೆ ಬಾಗಿಲನ್ನೇ ನೋಡುತ್ತಾ ಕೂರೋನು. ನಾಯಿ ಒಳಗೆ ಹೋಗಿ ರೊಟ್ಟಿ ತಿಂದು ಬಂದರೂ ಅವನ ಕಣ್ಣು ಬಾಗಿಲ ಮೇಲೇ.

ನಾನು ಕಣ್ಣು ಮುಚ್ಚಿದರೆ ಇವನಿಗೆ ಯಾರು ಗತಿ ಅನ್ನೋದೊಂದೇ ಹಾಲವ್ವನ ಚಿಂತೆ. ಆ ಚಿಂತೆಯಲ್ಲಿ ಅವಳಿಗೆ ಸರಿಯಾಗಿ ನಿದ್ದೆನೂ ಬರುತ್ತಿರಲಿಲ್ಲ.

ಅವಳ ಅಕ್ಕನ ಮಗಳು ಒಂದು ಸಲ ಬಂದವಳು ತನ್ನ ಹಳೇ ಫೋನು ಕೊಟ್ರನಿಗೆ ಕೊಟ್ಟು, ವಿಡಿಯೋ ನೋಡೋದು ಕಲಿಸಿ ಹೋದಳು. ಹಾಲವ್ವನಿಗೆ ಖುಷಿಯಾಯಿತು.

“ಅದ್ರಾಗ ತಿಳಿದೋರು ಮಾತಾಡ್ತಾರಂತೆ ಕೊಟ್ರಾ. ನಿಂಗೆ ಬುದ್ಧಿ ಹೇಳಿ ಹೇಳಿ ನನಗಂತೂ ಸಾಕಾಗೈತಿ. ಅವರು ಹೇಳಿದ್ದು ಕೇಳಿ ಕಲಿ.”

“ಆತವ್ವ” ಅಂದ ಕೊಟ್ರ.

ಮೊದಲು ನೋಡಿದ್ದು ಹಳೇ ಕಪ್ಪುಬಿಳುಪು ಸಿನಿಮಾಗಳ ವಿಡಿಯೋ. ಕನ್ನಡಕದವನೊಬ್ಬ ಹೇಳುತ್ತಿದ್ದ: “ಆಗಿನ ನಟರಿಗೆ ಮಾತೇ ಬೇಕಿರಲಿಲ್ಲ. ಹೇಳೋದನ್ನೆಲ್ಲ ಕಣ್ಣಲ್ಲೇ ಹೇಳುತ್ತಿದ್ದರು.”

ಅಷ್ಟರಲ್ಲಿ ಹಾಲವ್ವ, “ಎಣ್ಣಿ ಕಾದೈತಿ, ಪಂಪಣ್ಣನ ಅಂಗಡಿಗೆ ಹೋಗಿ ಕಡ್ಲಿಹಿಟ್ಟು ತಾ” ಅಂದಳು. ಕೊಟ್ರ ಹೋದ. ಹೋಗಿ ಪಂಪಣ್ಣನ ಎದುರು ನಿಂತ. ಕಣ್ಣರಳಿಸಿದ. ಹುಬ್ಬು ಏರಿಸಿದ.

“ಏನು ಬೇಕಪ್ಪಾ?” ಅಂದ ಪಂಪಣ್ಣ.

ಕೊಟ್ರ ರೆಪ್ಪೆ ಬಡಿಯದೆ ನೋಡಿದ. ನೋಡಿ ನೋಡಿ ಕಣ್ಣಲ್ಲಿ ನೀರು ಬಂತು.

“ಯಾಕಪ್ಪಾ, ನಿಮ್ಮವ್ವ ಅರಾಮದಾಳಾ?”

ಕೊಟ್ರ ನಿಧಾನವಾಗಿ ಕಣ್ಣು ಮುಚ್ಚಿದ.

ಪಂಪಣ್ಣ ತಕ್ಕಡಿ ಬಿಟ್ಟು ಓಡಿದ. ಅವನ ಹಿಂದೆ ನಾಲ್ಕು ಮಂದಿ ಓಡಿದರು. ಹೋಗಿ ನೋಡಿದರೆ ಹಾಲವ್ವ ಸೌಟು ಹಿಡಿದು, ಕಡ್ಲಿಹಿಟ್ಟು ಇನ್ನೂ ಯಾಕೆ ಬರಲಿಲ್ಲ ಅಂತ ದಾರಿ ನೋಡುತ್ತಾ ನಿಂತಿದ್ದಾಳೆ.

“ಬದುಕಿರೋಳನ್ನ ಸಾಯಿಸಿ ಬಂದೆಲ್ಲೋ” ಅಂದಳು ಮಗನಿಗೆ. “ಏನು ಬೇಕೋ ಅದನ್ನ ಬಾಯಿಬಿಟ್ಟು ಕೇಳಬೇಕು. ಕೈಗೆ ಬರೋತನಕ ಬಿಡಬಾರದು.”

“ಆತವ್ವ.”

ಮರುದಿನ ನೋಡಿದ್ದು ಚಳವಳಿಯ ವಿಡಿಯೋ. ಯಾವುದೋ ಕಚೇರಿ ಎದುರು ಜನ ಕೂತಿದ್ದರು. ಮುಂದಾಳು ಹೆಂಗಸೊಬ್ಬಳು ಹೇಳುತ್ತಿದ್ದಳು: “ಕೂಗಿ ಕೇಳಿ. ಬರೀ ಭರವಸೆ ನಂಬಬೇಡಿ. ಸಿಗೋವರೆಗೆ ಜಾಗ ಬಿಟ್ಟು ಏಳಬೇಡಿ.”

ಅವತ್ತು ಸಂಜೆ ಹಾಲವ್ವ ಸಣ್ಣ ಲೋಟ ಕೊಟ್ಟು, “ಸಾಕವ್ವನ ಮನಿಗೆ ಹೋಗಿ ಹಾಲಿಗೆ ಹೆಪ್ಪು ಇಸ್ಕೊಂಡು ಬಾ” ಅಂದಳು.

ಸಾಕವ್ವನ ಮಗಳು ಬಾಣಂತಿ. ಕೂಸು ಆಗ ತಾನೇ ಮಲಗಿತ್ತು. ಕೊಟ್ರ ಅವರ ಬಾಗಿಲ ಮುಂದೆ ಟವೆಲ್ ಹಾಸಿ ಕೂತ, ಲೋಟ ಮೇಲೆತ್ತಿದ.

“ಬೇಕೇ ಬೇಕು, ಹೆಪ್ಪು ಬೇಕು. ಬೇಕೇ ಬೇಕು, ಹೆಪ್ಪು ಬೇಕು.”

ಸಾಕವ್ವ ಓಡಿ ಬಂದಳು. “ಸುಮ್ನಿರೋ ಯಪ್ಪಾ, ಕೂಸು ಮಲಗೈತಿ. ಕೊಡ್ತೀನಿ ತಡಿ.”

“ಬರೀ ಭರವಸೆ ಬ್ಯಾಡ” ಅಂದ ಕೊಟ್ರ, ಮತ್ತೆ ಕೂಗಿದ. ಓಣಿಯ ಹುಡುಗರು ಬಂದು ಪಕ್ಕದಲ್ಲಿ ಕೂತು ಅವರೂ ಕೂಗಿದರು. ಕೂಸು ಎದ್ದು ಎಲ್ಲರಿಗಿಂತ ಜೋರಾಗಿ ಕೂಗಿತು.

ಹಾಲವ್ವ ಬಂದು ಸಾಕವ್ವನ ಕೈ ಹಿಡಿದು ತಪ್ಪಾಯಿತು ಅಂದಳು. ಮಗನನ್ನ ಮನೆಗೆ ಕರಕೊಂಡು ಬಂದು ಬೈದಳು. “ಮಂದಿ ಮುಂದೆ ಹಿಂಗೆ ಬಾಯಿ ಮಾಡ್ತಾರೇನೋ? ಬಾಯಿ ಮುಚ್ಕೊಂಡು ಹಿಂದೆ ಮುಂದೆ ನೋಡ್ಕೊಂಡು ಇರಬೇಕು.”

ಕೊಟ್ರ ‘ಆತವ್ವ’ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡು ತಲೆ ಆಡಿಸಿದ.

ಆ ವಾರ ಊರಿನ ಚರಂಡಿ ಕೆಲಸಕ್ಕೆ ಚಮನ್‌ಸಾಬ್ ಜೆಸಿಬಿ ತಂದಿದ್ದ. ಕೊಟ್ರ ಅಷ್ಟೊತ್ತಿಗೆ ಗಣಿಯಲ್ಲಿ ಗುಡ್ಡ ಅಗೆಯೋ ಯಂತ್ರ, ಮನೆಯಷ್ಟೆತ್ತರದ ಟಿಪ್ಪರ್, ಎಲ್ಲದರ ವಿಡಿಯೋ ನೋಡಿ ಮುಗಿಸಿದ್ದ. ಊಟ ಮಾಡುವಾಗಲೂ ಕೈಯನ್ನ ಜೆಸಿಬಿ ಹಾಗೆ ಮಡಚಿ ಅನ್ನ ಎತ್ತುತ್ತಿದ್ದ. ಹಾಲವ್ವ ಚಮನ್‌ಸಾಬ್‌ಗೆ ಮಿರ್ಚಿ ಕಟ್ಟಿಕೊಡುತ್ತಾ, “ನನ್ನ ಮಗನ್ನ ಜೊತಿಗೆ ಇಟ್ಕೊ ಸಾಬಣ್ಣ” ಅಂದಳು.

“ಬರಲಿ ಬಿಡು ಹಾಲಕ್ಕ” ಅಂದ ಅವನು. ಕೊಟ್ರನನ್ನ ಗಾಡಿ ಹಿಂದೆ ನಿಲ್ಲಿಸಿ, “ರಿವರ್ಸ್ ಬರ್ತೀನಿ. ಹಿಂದೆ ನೋಡ್ತಿರು, ಏನಾದ್ರೂ ಇದ್ರೆ ಹೇಳು” ಅಂದ.

ಕೊಟ್ರ ಕತ್ತು ತಿರುಗಿಸಿ ತನ್ನ ಹಿಂದೆ ನೋಡಿದ. ಹಿಂದೆ ಪಂಪಣ್ಣನ ಅಂಗಡಿ. ಆಮೇಲೆ ಮುಂದೆ ನೋಡಿದ. ಗಾಡಿ ಪಂಚಾಯ್ತಿಯ ಹೊಸ ನಲ್ಲಿಯ ಕಡೆಗೇ ಬರುತ್ತಿತ್ತು. ಬಾಯಿ ಮುಚ್ಚಿಕೊಂಡಿರಬೇಕಲ್ಲ, ಹೇಳೋದು ಹೇಗೆ? ಮತ್ತೆ ಹಿಂದೆ ನೋಡಿದ. ನಲ್ಲಿ ಮುರಿದು ನೀರು ತೆಂಗಿನಮರದಷ್ಟು ಎತ್ತರ ಚಿಮ್ಮಿತು.

ಚಮನ್‌ಸಾಬ್ ಇಳಿದು ಬಂದ. ಕೂಗಾಡಲಿಲ್ಲ. ಒದ್ದೆ ಮುಖ ಒರೆಸಿಕೊಂಡು, “ನಲ್ಲಿ ಹೋದ್ರೆ ಹೋಗಲಿ ಕೊಟ್ರೇಶ. ಅಲ್ಲೊಂದು ಕೂಸು ಆಡ್ತಿದ್ರೆ ಏನು ಗತಿ?” ಅಂದ. “ಮೊದಲು ಬೇರೆಯವರು ಹುಷಾರಾಗಿ ಅದಾರಾ ನೋಡಬೇಕು. ನಿಂದು ಆಮೇಲೆ. ನಾಳೆ ನೀನು ಬರೋದು ಬ್ಯಾಡಪ್ಪ.”

ಆ ಮಾತು ಕೊಟ್ರನಿಗೆ ನಾಟಿತು. ಅವತ್ತು ಊಟ ಮಾಡಲಿಲ್ಲ. ಮೂಲೆಯಲ್ಲಿ ಕೂತು ಹಳೇ ಕಾಲದ ಯುದ್ಧದ ಹಡಗುಗಳ ವಿಡಿಯೋ ನೋಡಿದ. ಒಂದು ಹಡಗು ಮುಳುಗುತ್ತಿತ್ತು. ಅದರ ಕಪ್ತಾನ ಎಲ್ಲರನ್ನೂ ಸಣ್ಣ ದೋಣಿಗಳಿಗೆ ಇಳಿಸಿದ. ಎಲ್ಲರೂ ಇಳಿದ ಮೇಲೆ ತಾನು ಇಳಿದ. ಸಮುದ್ರವನ್ನೇ ನೋಡಿರದ ಕೊಟ್ರ ಅದನ್ನ ಮತ್ತೆ ಮತ್ತೆ ಹಾಕಿ ನೋಡಿ ಅತ್ತ.

“ಹೋಗಲಿ ಬಿಡು, ಅಳಬ್ಯಾಡ” ಅಂದಳು ಹಾಲವ್ವ. “ಹರಪನಹಳ್ಳ್ಯಾಗ ನಿಮ್ಮ ಸೋದರಮಾವನ ಅಕ್ಕಿ ಗಿರಣಿ ಐತೆಲ್ಲ, ಅಲ್ಲಿ ಕೆಲಸ ಕೊಡ್ತೀನಿ ಅಂದಾನ. ನಾಳೆ ಹೋಗು.”

ಬೆಳಿಗ್ಗೆ ಕೊಟ್ಟೂರಿನ ಬಸ್ ಹತ್ತಿಸಿದಳು. ಹರಪನಹಳ್ಳಿ ಬಂತು. ಕಂಡಕ್ಟರ್ ಫಕ್ಕೀರೇಶ, “ನೀನು ಇಳಿಯೋ ಊರು ಬಂತು, ಇಳಿ” ಅಂದ.

“ಎಲ್ಲಾರೂ ಇಳೀಲಿ” ಅಂದ ಕೊಟ್ರ.

ಹತ್ತು ಮಂದಿ ಇಳಿದರೆ ಹನ್ನೆರಡು ಮಂದಿ ಹತ್ತಿದರು. ಬಸ್ ಹೊರಟಿತು. ಊರಿಂದೂರಿಗೆ ಹಾಗೇ ಆಯಿತು. ಕೊನೆಗೆ ಕೊಟ್ಟೂರು. ಜನರೆಲ್ಲ ಇಳಿದರು. ಡ್ರೈವರ್ ದುರುಗಪ್ಪ ಇಂಜಿನ್ ಆರಿಸಿ, “ಇಳಿಯಪ್ಪಾ” ಅಂದ.

“ನೀವು ಮೊದಲು ಇಳೀರಿ ಅಣ್ಣಾ. ನೀವು ಹುಷಾರಾಗಿ ಇಳಿದ ಮೇಲೆ ನಾನು.”

ದುರುಗಪ್ಪ ಅವನ ಮುಖ ನೋಡಿದ. ಇಳಿದ. ಫಕ್ಕೀರೇಶನೂ ಇಳಿದ. ಕೊಟ್ರ ಏಳಲೇ ಇಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಸೀಟಿನ ಕೆಳಗೆ ತೋರಿಸಿದ. ಯಾರೋ ಕಾಲು ಕಟ್ಟಿದ ಕೋಳಿಯೊಂದನ್ನ ಮರೆತು ಹೋಗಿದ್ದರು. “ಇದು ಇನ್ನೂ ಇಳಿದಿಲ್ಲ” ಅಂದ. ಅದನ್ನ ತೊಡೆ ಮೇಲೆ ಇಟ್ಟುಕೊಂಡು, ಅಂಗೈಯಲ್ಲಿ ನೀರು ಕುಡಿಸಿದ. ಬಸ್ ವಾಪಸ್ ಹೊರಡೋದು ಮಧ್ಯಾಹ್ನದ ಮೇಲೆಯೇ, ಹಾಗಾಗಿ ಅವರೂ ಬಲವಂತ ಮಾಡಲಿಲ್ಲ.

ಇತ್ತ ಮಾವ ಫೋನ್ ಮಾಡಿ, ಕೊಟ್ರ ಬಂದಿಲ್ಲ ಅಂದ. ಹಾಲವ್ವ ಒಲೆ ಆರಿಸಿ, ಸಿಕ್ಕ ಬಸ್ ಹತ್ತಿ, ಊರೂರಲ್ಲಿ ಇಳಿದು ಕೇಳುತ್ತಾ ಮಧ್ಯಾಹ್ನ ಕಳೆದು ಕೊಟ್ಟೂರು ಮುಟ್ಟಿದಳು. ನೋಡಿದರೆ ಮಗ ಖಾಲಿ ಬಸ್ಸಲ್ಲಿ ಕೂತಿದ್ದಾನೆ. ಅದೇ ಹೊತ್ತಿಗೆ ಕೋಳಿ ಮರೆತು ಹೋಗಿದ್ದ ಅಜ್ಜನೂ ಏದುಸಿರು ಬಿಡುತ್ತಾ ಬಂದು, ಕೋಳಿ ಇಸಕೊಂಡು, ಕೊಟ್ರನ ತಲೆ ಸವರಿ ಹೋದ.

ಹಾಲವ್ವ ಬಸ್ ಹತ್ತಿ ಮಗನ ಭುಜ ಹಿಡಿದಳು. “ಏಳು, ಹೋಗಾನು.”

“ಈಗ ನೀನು ಹತ್ತಿಬಿಟ್ಟೆಲ್ಲವ್ವ” ಅಂದ ಕೊಟ್ರ. “ನೀನು ಮೊದಲು ಇಳಿ.”

ಹಾಲವ್ವ ಅಲ್ಲೇ ಅವನ ಪಕ್ಕ ಕೂತು ಸೆರಗು ಮುಖಕ್ಕೆ ಒತ್ತಿಕೊಂಡಳು. ದುರುಗಪ್ಪ ಕಿಟಕಿಯ ಹತ್ತಿರ ಬಂದ.

“ಯವ್ವಾ, ಇಷ್ಟು ವರ್ಷ ಬಸ್ ಓಡಿಸೀನಿ. ನೀವು ಹುಷಾರಾಗಿ ಇಳೀರಿ ಅಂತ ನನಗೆ ಯಾರೂ ಅಂದಿಲ್ಲ. ನಮ್ಮ ಕ್ಲೀನರ್ ಕೆಲಸ ಬಿಟ್ಟಾನ. ನಿನ್ನ ಮಗನ್ನ ನನ್ನ ಕೈಗೆ ಕೊಡು, ನಾನು ನೋಡ್ಕೋತೀನಿ.”

ಹಾಲವ್ವ ಸೆರಗು ಮುಖದಿಂದ ತೆಗೆದಳು. ಕೈ ಮುಗಿದಳು.

ಅದೇ ಬಸ್ ದಾವಣಗೆರೆಗೆ ವಾಪಸ್ ಹೊರಟಿತು. ಕೊಟ್ರ ದುರುಗಪ್ಪ ಕೊಟ್ಟ ಹೊಸ ಸೀಟಿ ಬಾಯಿಗಿಟ್ಟು ಊದಿದ ಏಟಿಗೆ ಅರ್ಧ ಬಸ್ ಬೆಚ್ಚಿಬಿತ್ತು.

“ಮೆಲ್ಲಗೆ ಊದೋ ಮಾರಾಯ. ಮಲಗಿದೋರ ನಿದ್ದಿ ಕೆಡಿಸಬಾರದು” ಅಂದ ದುರುಗಪ್ಪ.

“ಆತಣ್ಣ.”

ಗಾಳಿ ತಂಪಾಗಿತ್ತು. ಹಾಲವ್ವ ಮಗನ ಭುಜಕ್ಕೆ ತಲೆಯಿಟ್ಟಳು, ಹಾಗೇ ನಿದ್ದೆ ಹೋದಳು. ಹರಪನಹಳ್ಳಿ ಬಂತು. ಇಳಿಯಬೇಕಾದ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ಕೊಟ್ರ ಎಬ್ಬಿಸಲಿಲ್ಲ. ಮುಂದಿನೂರಲ್ಲಿ ಗಂಡ ಹೆಂಡತಿ ಇಬ್ಬರೂ ತೂಕಡಿಸುತ್ತಿದ್ದರು. ಎಬ್ಬಿಸಲಿಲ್ಲ. ಮಾಗಳಿಕಟ್ಟೆ ಬಂತು.

“ಇಳಿಯೋರು ಅದಾರೇನೋ?” ಅಂತ ಮುಂದಿನಿಂದ ಫಕ್ಕೀರೇಶ ಕೇಳಿದ.

“ಅದಾರ, ಮಲಗ್ಯಾರ” ಅಂತ ಕೊಟ್ರ ಪಿಸುಗುಟ್ಟಿದ. ಅವನ ಪಿಸುಮಾತು ಅವನಿಗೇ ಕೇಳಿಸಲಿಲ್ಲ. ಸೀಟಿಯನ್ನ ಹೂವು ಊದಿದ ಹಾಗೆ ಊದಿದ. ಬಸ್ ಹೊರಟಿತು.

ದಾವಣಗೆರೆಯಲ್ಲಿ ದೀಪ ಹತ್ತುವ ಹೊತ್ತು. ಮೇಷ್ಟ್ರು ಎದ್ದು ಕೂಗಿದರು, ಗಂಡ ಹೆಂಡತಿ ಒಬ್ಬರನ್ನೊಬ್ಬರು ಬೈದರು, ದುರುಗಪ್ಪ ತಲೆ ಮೇಲೆ ಕೈ ಹೊತ್ತ. ಆ ಗಲಾಟೆಗೆ ಹಾಲವ್ವನಿಗೆ ಎಚ್ಚರಾಯಿತು. ಕಿಟಕಿಯಾಚೆ ದೊಡ್ಡ ಊರು.

“ಎಲ್ಲಿಗೆ ಬಂದ್ವೋ ಕೊಟ್ರಾ?”

“ದಾವಣಗೆರಿ. ನಿದ್ದಿ ಚಲೋ ಬಂತೇನವ್ವ?”

ಹಾಲವ್ವ ಬೈಯೋಕೆ ಬಾಯಿ ತೆರೆದಳು. ಮಗನ ಮುಖ ನೋಡಿದಳು. ತಾನು ಹೀಗೆ ಮಲಗಿ ಎಷ್ಟು ವರ್ಷ ಆಗಿತ್ತೋ ಅವಳಿಗೇ ನೆನಪಿರಲಿಲ್ಲ.

“ಬಂತಪ್ಪ” ಅಂದಳು. “ಚಲೋ ಬಂತು.”

ಕೊಟ್ರ ಬಾಗಿಲಲ್ಲಿ ನಿಂತು, ಬೈಯುತ್ತಾ ಬಂದ ಒಬ್ಬೊಬ್ಬರನ್ನೂ ಕೈ ಹಿಡಿದು ಹುಷಾರಾಗಿ ಇಳಿಸಿದ.