ನಡುಗಡ್ಡೆಯ ಪುಕ್ಕಟೆ ಚಿನಿವಾರ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಇದು ನಗೋ ಕಥೆ ಅಲ್ಲ, ಮೊದಲೇ ಹೇಳಿಬಿಡ್ತೀನಿ.

ಮೂಡಸೀಮೆ ಅಂತ ಒಂದು ರಾಜ್ಯ. ಅಲ್ಲಿ ಬೊಮ್ಮಯ್ಯ, ಈರಮ್ಮ ಅಂತ ಗಂಡ ಹೆಂಡತಿ ಇದ್ದರು. ಬಟ್ಟೆಗೆ ನೀಲಿ ಬಣ್ಣ ಹಾಕೋದು ಅವರ ಕಸುಬು. ತಮ್ಮೂರಲ್ಲಿ ಒಂದು ಸೂರು, ಅಂಗಳದಲ್ಲಿ ಬಣ್ಣ ಕಲಸೋಕೆ ಸ್ವಂತದ್ದೊಂದು ಬಾನಿ. ಅಷ್ಟೇ ಅವರ ಆಸೆ. ಅದಕ್ಕೆ ದುಡ್ಡು ಬೇಕಲ್ಲ? ಹೊಳೆಯಾಚೆ ಪಡುಸೀಮೆಗೆ ಹೋದರು, ಕಂಡವರ ಬಾನಿಗೆ ಕೈ ಅದ್ದಿದರು.

ಪಡುಸೀಮೆಯ ಕಾಸು ಮೂಡಸೀಮೆಯಲ್ಲಿ ನಡೆಯೋದಿಲ್ಲ. ಅದಕ್ಕೇ ಹೊಳೆಯ ನಡುಗಡ್ಡೆಯಲ್ಲಿ, ಹುಣಸೆಮರದ ಕೆಳಗೆ, ಒಬ್ಬ ಚಿನಿವಾರ ಚಾಪೆ ಹಾಸಿ ಕೂತಿರ್ತಿದ್ದ. ಆ ಕಡೆಯ ಕಾಸು ತಗೊಂಡು ಈ ಕಡೆಯ ಕಾಸು ಕೊಡೋದು ಅವನ ಕೆಲಸ.

ಮೊದಲ ಸಲ ಊರಿಗೆ ಹೊರಟಾಗ ಬೊಮ್ಮಯ್ಯ ಕೇಳಿದ, "ಸ್ವಾಮಿ, ನಿಮ್ಮ ಕೂಲಿ ಎಷ್ಟು?"

"ಛೆ ಛೆ! ಊರಿಗೆ ಹೋಗೋರ ಹತ್ರ ಕೂಲಿ ಇಸ್ಕೊಳ್ಳೋದಾ? ಪುಕ್ಕಟೆ ಕಣಪ್ಪ!"

ಬೊಮ್ಮಯ್ಯ ಕೈ ಮುಗಿದು, ಕೊಟ್ಟಷ್ಟನ್ನು ಎಣಿಸದೆ ಗಂಟು ಕಟ್ಟಿಕೊಂಡ. ಊರಿಗೆ ಬಂದು ನೋಡಿದರೆ ದುಡ್ಡು ಗೋಡೆಗೆ ಸಾಕು, ಸೂರಿಗೆ ಸಾಲದು. "ಬೆಲೆ ಏರಿರಬೇಕು. ಇನ್ನೊಂದು ವರ್ಷ ದುಡಿಯೋಣ ಕಣೇ" ಅಂದ.

ಎರಡನೇ ಸಲವೂ ಪುಕ್ಕಟೆ. ಬೊಮ್ಮಯ್ಯ ಮತ್ತೆ ಕೈ ಮುಗಿದ. ಸೂರಾಯಿತು, ಬಾನಿಗೆ ದುಡ್ಡಿಲ್ಲ. "ಇನ್ನೊಂದೇ ವರ್ಷ ಕಣೇ" ಅಂದ.

ಆ ವರ್ಷ ಅವನನ್ನೇ ನುಂಗಿತು. ಕಂಡವರ ಬಾನಿಯ ಪಕ್ಕದಲ್ಲೇ ಜ್ವರ ಬಂದು ಸತ್ತ. ಊರ ಕಡೆ ಮುಖ ಮಾಡಿ ಮಲಗಿಸು ಅಂದಿದ್ದ, ಪಾಪ.

ಮೂರನೇ ಸಲ ಈರಮ್ಮ ಒಬ್ಬಳೇ ಬಂದಳು. ಸೊಂಟದಲ್ಲಿ ಕಾಸಿನ ಗಂಟು, ಕಂಕುಳಲ್ಲಿ ಗಂಡನ ಬೂದಿಯ ಕುಡಿಕೆ.

"ಅಯ್ಯೋ ತಾಯಿ, ಚಿನ್ನದಂಥ ಮನುಷ್ಯ! ನಿನಗೂ ಪುಕ್ಕಟೆ" ಅಂದ ಚಿನಿವಾರ.

ನೀಲಿಯವರಲ್ಲಿ ಒಂದು ರೂಢಿ ಇದೆ. ಬಾನಿಯಿಂದ ಎತ್ತಿದಾಗ ಬಟ್ಟೆ ಹಸಿರಾಗಿರುತ್ತೆ, ಗಾಳಿ ತಾಗಿದ ಮೇಲೆ ನೀಲಿಗೆ ತಿರುಗುತ್ತೆ. ಅದಕ್ಕೇ ಹಸಿ ಬಟ್ಟೆ ನೋಡಿ ಅವರು ಬೆಲೆ ಹೇಳೋದಿಲ್ಲ. ಒಣಗಲಿ ಅಂತಾರೆ. ಬಟ್ಟೆಯ ಕೊನೆ ಬಣ್ಣಕ್ಕೆ ಕಾದೆವು, ಕೊನೆಗೆ ಕೈಗೆ ಬಂದ ಕಾಸು ಮಾತ್ರ ಎಣಿಸಲಿಲ್ಲವಲ್ಲ ಅಂತ ಈರಮ್ಮನಿಗೆ ಈಗ ಹೊಳೆಯಿತು.

"ಕೂಲಿ ಮಾತು ಬಿಡಿ ಸ್ವಾಮಿ. ಕೊನೆಗೆ ನನ್ನ ಕೈಗೆ ಬರೋದೆಷ್ಟು?"

ಚಿನಿವಾರ ಹೇಳಿದ, "ಮೂರು ಕಾಸಿಗೆ ಎರಡು ಕಾಸು."

"ಆ ದಡದಲ್ಲೂ ಕಾಸಿಗೊಂದು ಬಳ್ಳ ರಾಗಿ, ಈ ದಡದಲ್ಲೂ ಕಾಸಿಗೊಂದು ಬಳ್ಳ. ನನ್ನ ಮೂರನೇ ಬಳ್ಳ ಎಲ್ಲಿ ಹೋಯ್ತು?"

"ಹಿಂದಿನಿಂದ ಹಂಗೇ ನಡಕೊಂಡು ಬಂದದೆ ತಾಯಿ."

ಅಷ್ಟರಲ್ಲಿ ಮೂಡಸೀಮೆ ಕಡೆಯಿಂದ ಒಬ್ಬ ಬಡಗಿ ದೋಣಿ ಇಳಿದ. ಪಡುಸೀಮೆಯವನು. ಮೂಡಸೀಮೆಯಲ್ಲಿ ಬಾಗಿಲು ಕೆತ್ತಿ ದುಡಿದು, ಈಗ ತನ್ನೂರಿಗೆ ಹೊರಟಿದ್ದ. "ಬಾ ಬಾ, ನಿನಗೂ ಪುಕ್ಕಟೆ!" ಅಂತ ಚಿನಿವಾರ ಕರೆದ.

"ನಿಲ್ಲಣ್ಣ" ಅಂದಳು ಈರಮ್ಮ. "ನನ್ನ ಹತ್ರ ಇರೋದು ನಿನ್ನೂರ ಕಾಸು. ನಿನ್ನ ಹತ್ರ ಇರೋದು ನನ್ನೂರ ಕಾಸು. ನಡುವೆ ಇವನ್ಯಾಕೆ?"

ಬಡಗಿ ಹೆಗಲ ಟವೆಲ್ ತೆಗೆದು ನೆಲಕ್ಕೆ ಹಾಸಿದ. ಒಂದಕ್ಕೆ ಒಂದು ಬದಲಾಯಿಸಿಕೊಂಡರು.

ಚಿನಿವಾರ ಎದ್ದು ಕೂಗಾಡಿದ. "ಉಪಕಾರ ಮರೆತವಳೇ! ಎರಡು ಸಲ ಪುಕ್ಕಟೆ ಮಾಡಿಕೊಟ್ಟಿದ್ದೆ!"

"ನಿನ್ನ ಪುಕ್ಕಟೆಯ ಬೆಲೆ ಈ ಕುಡಿಕೆಯಲ್ಲಿದೆ, ನೋಡ್ಕೋ" ಅಂದು ಈರಮ್ಮ ದೋಣಿ ಹತ್ತಿದಳು.

ಸುದ್ದಿ ಎರಡೂ ದಡಕ್ಕೆ ಹಬ್ಬಿತು. ಊರಿಗೆ ಹೋಗೋರು ಎದುರು ದಡದವರಿಗಾಗಿ ಗಡ್ಡೆಯಲ್ಲಿ ಕಾದು ಕೂರತೊಡಗಿದರು. ಚಿನಿವಾರನ ಚಾಪೆಗೆ ಹುಣಸೆ ಎಲೆಯೇ ಗಿರಾಕಿ. ಒಂದು ದಿನ ಅವನೂ ಚಾಪೆ ಸುತ್ತಿಕೊಂಡು ಹೋದ.

ಈರಮ್ಮ ಬೂದಿಯನ್ನು ತಮ್ಮ ದಡದ ನೀರಿಗೆ ಬಿಟ್ಟಳು. ಹೊಸ ಬಾನಿ ಕೊಂಡು ಅಂಗಳದಲ್ಲಿ ಬಾಯಿಮಟ್ಟ ಹೂಳಿಸಿದಳು. ಮೊದಲ ಬಟ್ಟೆ ಅದ್ದಿ, ಹರವಿ, ಒಣಗೋವರೆಗೂ ಕಾದಳು. ಬಣ್ಣ ಚೆನ್ನಾಗಿ ಕೂತಿತ್ತು. "ಬನ್ನಿ, ನೋಡಿ" ಅಂತ ಬಾಯಿತಪ್ಪಿ ಒಳಕ್ಕೆ ಕೂಗಿದಳು. ಆಮೇಲೆ ಅಲ್ಲೇ ಕೂತು ಅತ್ತಳು.

ಅದಕ್ಕೇ ಮಕ್ಕಳೇ, ಪುಕ್ಕಟೆ ಅನ್ನೋನಿಗೆ ಕೈ ಮುಗಿಯೋಕೆ ಮುಂಚೆ, ಕೊನೆಗೆ ಕೈಗೆ ಬರೋದೆಷ್ಟು ಅಂತ ಕೇಳಿ. ಮೊದಲನೇ ಸಲವೇ ಕೇಳಿ.