ಹೀರೆ ಬಳ್ಳಿಗೆ ನಿಂತ ನುಗ್ಗೆ ಕೊಂಬೆಗಳು

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ, ಗದ್ದಲ ಬಿಟ್ಟು ಕೇಳಿ. ಗಾಳಿಗೆ ನುಗ್ಗೆ ಮರದಿಂದ ಅಣ್ಣ ತಮ್ಮಂದಿರಾದ ಎರಡು ಕೊಂಬೆ ಮುರಿದು ಬಿದ್ದವು. ಹಿತ್ತಲಲ್ಲಿ ಹೀರೆ ಹಾಕಿದ್ದ ಚೌಡವ್ವ ಅವನ್ನು ಎತ್ತಿಕೊಂಡು, "ಹೀರೆ ಬಳ್ಳಿಗೆ ಆಸರೆಯಾಗಿ ನಿಲ್ತೀರಾ?" ಅಂದಳು.

ತಮ್ಮ ಕೇಳಿತು, "ಆಮೇಲೂ ಇಲ್ಲೇ ಇಟ್ಟುಕೊಳ್ಳುವಿರಾ ತಾಯೀ?"

"ಮಾತು ಕೊಡಲಾರೆನಪ್ಪ. ಬಳ್ಳಿ ಒಣಗಿದರೆ ನೀವು ಒಲೆಗೇ."

"ಆಗಲಿ, ನೆಡಿ," ಅಂದಿತು ತಮ್ಮ. ಚೌಡವ್ವ ಎರಡನ್ನೂ ಬಳ್ಳಿಯ ಪಕ್ಕ ನೆಟ್ಟಳು.

ಅಣ್ಣ ಗಾಳಿ ಬಂದ ಕಡೆಯೆಲ್ಲ ವಾಲಾಡುತ್ತ ಹಂಗಿಸಿತು, "ನಾಲ್ಕು ದಿನದ ಚಾಕರಿಗೆ ಏನು ಗತ್ತೋ ನಿಂದು! ಸುಮ್ಮನೆ ನಿಲ್ಲೋದೂ ಒಂದು ಕೆಲಸವೇ?"

"ನಿಂತರೆ ತಾನೇ ಅಣ್ಣಾ, ಬೇರು ಬಿಡೋದು?" ಅನ್ನುತ್ತ ತಮ್ಮ ಮಣ್ಣನ್ನು ಕಚ್ಚಿ ಹಿಡಿಯಿತು.

ಹೀರೆ ಫಸಲು ಮುಗಿದು ಬಳ್ಳಿ ಒಣಗಿತು. ಚೌಡವ್ವ ಅಣ್ಣನನ್ನು ಒಂದೇ ಕೈಯಲ್ಲಿ ಕಿತ್ತಳು. ತಮ್ಮನನ್ನು ಎರಡೂ ಕೈಯಲ್ಲಿ ಜಗ್ಗಿದಳು, ಕಾಲು ಊರಿ ಜಗ್ಗಿದಳು, ಅದು ಅಲುಗಲಿಲ್ಲ. ತಲೆಯೆತ್ತಿ ನೋಡಿದರೆ ತುದಿಯಲ್ಲಿ ಎಳೆ ಚಿಗುರು.

"ಅಯ್ಯೋ ಕಳ್ಳಾ, ಬೇರು ಬಿಟ್ಟಿದ್ದೀಯಾ!"

"ಹೌದು ತಾಯೀ. ಇನ್ನು ಕೀಳಬೇಡಿ."

ಚೌಡವ್ವ ನಕ್ಕು ಒಂದು ಕೊಡ ನೀರು ಹೊಯ್ದಳು. ಅಣ್ಣ ಅವತ್ತೇ ಮುದ್ದೆ ಬೇಯಿಸುವ ಒಲೆಗೆ ಹೋಯಿತು. ತಮ್ಮ ಮರವಾಯಿತು. ಚೌಡವ್ವ ಮುಪ್ಪಿನವರೆಗೂ ಅದರ ಕಾಯಿಯ ಸಾರು ಉಂಡಳು.