ನೀರಿಗಿಳಿಯದ ಹುಟ್ಟುಗೋಲು

ತಿಮ್ಮಪ್ಪ ಖಾರ್ವಿಯ ದೋಣಿಗೆ ಹೊಸ ಮೋಟಾರು ಬಂತು. ಕಡಲಿನಿಂದ ಮರಳಿದಾಗಲೆಲ್ಲ ಅವನು ಬಾವಿಯ ಸಿಹಿನೀರನ್ನು ಹೊತ್ತು ತಂದು ಡ್ರಮ್ಮಿಗೆ ತುಂಬಿ, ಅದರಲ್ಲಿ ಮೋಟಾರನ್ನು ಓಡಿಸಿ ಒಳಗಿನ ಉಪ್ಪು ತೊಳೆಯುತ್ತಿದ್ದ.

ಮೋಟಾರು ಸಿಡುಕಿತು: "ಕಡಲು ಸೀಳುವ ನನಗೆ ಎಳೆಗೂಸಿನ ಹಾಗೆ ದಿನವೂ ಸ್ನಾನ! ಮೊದಲ ವಾರ ಜೋರಾಗಿ ಓಡಲೂ ಬಿಡಲಿಲ್ಲ. ಈತನಿಗೆ ನನ್ನ ಶಕ್ತಿಯಲ್ಲಿ ನಂಬಿಕೆಯಿಲ್ಲ. ನಾಳೆ ನಾನು ಹೊರಡುವುದಿಲ್ಲ."

ದೋಣಿಯಲ್ಲಿ ಮಲಗಿದ್ದ ಹುಟ್ಟುಗೋಲು ಕೇಳಿತು: "ಅಯ್ಯಾ, ನಾನು ಇಲ್ಲಿ ಯಾಕಿದ್ದೇನೆ, ಗೊತ್ತೇ?"

"ನಡುಗಡಲಲ್ಲಿ ಮೋಟಾರು ಕೆಟ್ಟರೆ ಹುಟ್ಟು ಹಾಕಲು."

"ಹೌದು. ನಿನಗಿಂತ ಹಿಂದಿನ ಮೋಟಾರಿಗೂ ದಿನವೂ ಇದೇ ಸ್ನಾನ; ಅದು ಹದಿನೆಂಟು ವರ್ಷ ದುಡಿಯಿತು. ಅಷ್ಟೂ ವರ್ಷ ನಾನೂ ಜೊತೆಗಿದ್ದೆ. ತಿಮ್ಮಪ್ಪ ನನ್ನನ್ನು ಒಮ್ಮೆಯೂ ನೀರಿಗಿಳಿಸಲಿಲ್ಲ."

ಮರುದಿನ ನಸುಕಿನಲ್ಲಿ ತಿಮ್ಮಪ್ಪ ಹಗ್ಗ ಎಳೆದ. ಮೊದಲ ಎಳೆತಕ್ಕೇ ಮೋಟಾರು ಗುಡುಗಿತು. ಹುಟ್ಟುಗೋಲು ಮತ್ತೆ ನಿದ್ದೆಹೋಯಿತು.